ಭಯದ ಭಾಷೆ ಮತ್ತು ಭೂಮಸೂದೆ

ಜೈನ ಶಾಸ್ತ್ರಗ್ರಂಥಗಳು ಭಯವನ್ನು ಏಳು ಬಗೆಯಾಗಿ ವಿಂಗಡಿಸುತ್ತವೆ. ಅವುಗಳಲ್ಲಿ ಎರಡು ಒಂದಕ್ಕೊಂದು ಹತ್ತಿರದವು. ಕಾಯುವವರಿಲ್ಲವೆಂಬ ಅಳುಕು ಅತ್ರಾಣಭಯ. ತನ್ನದನ್ನು ಉಳಿಸಿಕೊಳ್ಳಲು ಭದ್ರವಾದ ನೆಲೆಯಿಲ್ಲವೆಂಬ ಅಳುಕು ಅಗುಪ್ತಿಭಯ. ಸಮ್ಯಗ್ದೃಷ್ಟಿಯುಳ್ಳವನು ಈ ಏಳರಿಂದಲೂ ಮುಕ್ತನೆಂಬುದು ಶಾಸ್ತ್ರದ ನಿಲುವು. ರಾಜಕೀಯದ ಮಾತಾದರೋ ಭಯವುಳ್ಳವರೊಡನೆಯೇ ಆಡುವ ಮಾತು. ಬಡವರ ಪರವಾಗಿ ನಿಲ್ಲುವ ಎಡಪಂಥೀಯ ಜನಪ್ರಿಯ ವಾಗ್ಮಿತೆಯೂ ಇದಕ್ಕೆ ಹೊರತಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಬೈಲುಗದ್ದೆಗಳು 1970ರ ದಶಕದಲ್ಲಿ ಕಂಡ ಬದಲಾವಣೆ ಇದಕ್ಕೆ ನಿದರ್ಶನ.

ಆಗ ಬೈಂದೂರು ಕುಂದಾಪುರ ತಾಲೂಕಿಗೂ ಬ್ರಹ್ಮಾವರ ಉಡುಪಿ ತಾಲೂಕಿಗೂ ಸೇರಿದ್ದವು. ಇವೆಲ್ಲವನ್ನು ಒಳಗೊಂಡಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಗೇಣಿಪದ್ಧತಿ ದಟ್ಟವಾಗಿ ಬೇರೂರಿತ್ತು. ಮೂಲಗೇಣಿಯ ಒಕ್ಕಲಿಗೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯವನಿಗೆ ಧಣಿಯ ಮರ್ಜಿಯೇ ಹಕ್ಕು. ಅಕ್ಕಿಮುಡಿಗಳನ್ನು ತಪ್ಪದೆ ಅಳೆದುಕೊಟ್ಟವನಿಗೂ ಮುಂದಿನ ಮಳೆಗಾಲಕ್ಕೆ ಅದೇ ಗದ್ದೆ ಉಳಿದೀತೆಂಬ ಭರವಸೆಯಿರಲಿಲ್ಲ. 'ಒಕ್ಕಲೆಬ್ಬಿಸು' ಎಂಬ ಕ್ರಿಯಾಪದದಲ್ಲೇ ಆ ಭಯ ಅಡಗಿದೆ. ಒಕ್ಕಲು ಎಂದರೆ ಗೇಣಿದಾರನೂ ಹೌದು, ಸಂಸಾರ ಹೂಡಿದ ಮನೆಯೂ ಹೌದು. ಎಬ್ಬಿಸಿದರೆ ಎರಡೂ ಏಳಬೇಕು.

ಈ ಭಯವನ್ನು ಯಾವ ಭಾಷಣಕಾರನೂ ಹುಟ್ಟಿಸಲಿಲ್ಲ. ಬಿ. ವಿ. ಕಕ್ಕಿಲ್ಲಾಯರಂಥ ಕಮ್ಯುನಿಸ್ಟ್ ನಾಯಕರು ಜಿಲ್ಲೆಯಲ್ಲಿ ಅದಕ್ಕೆ ಸಂಘಟನೆಯ ರೂಪ ಕೊಟ್ಟರು. 1971ರ 'ಗರೀಬಿ ಹಟಾವೋ' ಘೋಷಣೆಯ ಬೆನ್ನಿಗೆ ಬಂದ ದೇವರಾಜ ಅರಸರ ಸರಕಾರ ಅದನ್ನು ಅಧಿಕಾರದ ಭಾಷೆಗೆ ತಂದಿತು. 'ಉಳುವವನೇ ಹೊಲದೊಡೆಯ' ಎಂಬ ಮಾತಿನ ಶಕ್ತಿ ಅದರ ಸರಳತೆಯಲ್ಲಿತ್ತು. ಪಾರಾಗುವ ಆಸೆ ಕಿಂಚಿತ್ತಾದರೂ ಉಳಿದಿದ್ದರೆ ಮಾತ್ರ ಭಯ ಮನುಷ್ಯನನ್ನು ಆಲೋಚನೆಗೆ ಹಚ್ಚುತ್ತದೆಂದು ಅರಿಸ್ಟಾಟಲ್ ತನ್ನ ವಾಗ್ಮಿತಾಶಾಸ್ತ್ರದಲ್ಲಿ ಹೇಳುತ್ತಾನೆ. ಜನ ಭೂಮಸೂದೆಯೆಂದು ಕರೆದ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಆ ಆಸೆಗೆ ಏಳನೆಯ ನಮೂನೆಯ ಅರ್ಜಿಯೆಂಬ ಆಕಾರ ಬಂತು. ಗೇಣಿಭೂಮಿ ಸರಕಾರಕ್ಕೆ ಸೇರಿತು. ಭೂನ್ಯಾಯಮಂಡಳಿ ಒಪ್ಪಿದರೆ ಅದು ಒಕ್ಕಲಿನದಾಗುತ್ತಿತ್ತು. ಭಯವನ್ನು ಬಳಸಿಕೊಂಡ ಮಾತೊಂದು ಆ ಭಯಕ್ಕೆ ಕೊನೆಯನ್ನೂ ಕಾಣಿಸಿದುದು ಸಣ್ಣ ಸಂಗತಿಯಲ್ಲ.

ಆದರೆ ಆ ಘೋಷಣೆಯಲ್ಲಿ ಇದ್ದುದು ಎರಡೇ ಪಾತ್ರಗಳು: ಉಳುವವನು, ಒಡೆಯ. ಒಡೆಯರೆಲ್ಲ ಒಂದೇ ಬಗೆಯವರಾಗಿರಲಿಲ್ಲ. ನೂರಾರು ಮುಡಿ ಗೇಣಿ ಬರುವ ಮನೆತನಗಳ ಪಕ್ಕದಲ್ಲೇ ಎರಡು ಗದ್ದೆಯ ಗೇಣಿಯಿಂದ ಗಂಜಿ ಕಾಣುವ ವಿಧವೆಯರಿದ್ದರು. ಗೇಣಿಯಿಂದಲೇ ನಿತ್ಯಪೂಜೆ ನಡೆಸಬೇಕಾದ ಗುಡಿಗಳೂ ಬಸದಿಗಳೂ ಇದ್ದವು. ಹಿಂದಿನ ಕಾಯಿದೆ ವಿಧವೆಯರಿಗೂ ಅಪ್ರಾಪ್ತ ವಯಸ್ಕರಿಗೂ ಕೊಟ್ಟಿದ್ದ ವಿನಾಯಿತಿ ಈಗ ಸೈನಿಕರಿಗೂ ನಾವಿಕರಿಗೂ ಮಾತ್ರ ಉಳಿಯಿತು. ಧಾರ್ಮಿಕ ಸಂಸ್ಥೆಗಳಿಗೆ ವರ್ಷಾಶನ ಗೊತ್ತಾಯಿತು. ಒಕ್ಕಲಿನ ಅತ್ರಾಣಭಯ ನೀಗಿದಲ್ಲಿ ಸಣ್ಣ ಧಣಿಯ ಅಗುಪ್ತಿಭಯ ತಲೆಯೆತ್ತಿತು. ಅದನ್ನು ಹೇಳಿಕೊಳ್ಳಲು ಆ ಕಾಲದ ಸಾರ್ವಜನಿಕ ಭಾಷೆಯಲ್ಲಿ ಪದವಿರಲಿಲ್ಲ. ಹೇಳಿದವರು ಶೋಷಕರ ಸಾಲಿಗೆ ಸೇರುತ್ತಿದ್ದರು.

ಇದಕ್ಕಿಂತ ಆಳವಾದ ಮೌನ ಇನ್ನೊಂದಿದೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಪ್ರಕಟವಾಯಿತು, ಬಿ. ವಿ. ಕಾರಂತರು ಅದನ್ನು ಚಲನಚಿತ್ರವಾಗಿಸಿದ್ದು 1975ರಲ್ಲಿ, ಭೂಮಸೂದೆಯ ಅರ್ಜಿಗಳು ಸಲ್ಲಿಕೆಯಾಗುತ್ತಿದ್ದ ಕಾಲದಲ್ಲಿ. ಚೋಮ ಒಕ್ಕಲಲ್ಲ, ಒಕ್ಕಲಾಗಲು ಹಂಬಲಿಸಿದವನು. ಅವನಂಥವರ ಹೆಸರು ಗೇಣಿಚೀಟಿನಲ್ಲಿರಲಿಲ್ಲ. ಅನ್ಯರ ಗದ್ದೆಯಲ್ಲಿ ಕೂಲಿಗೆ ಉತ್ತವನು ಕಾಯಿದೆಯ ಅರ್ಥದಲ್ಲಿ ಉಳುವವನಲ್ಲ. ಕೂಲಿಕಾರನಿಗೆ ವಾಸದ ಮನೆಯ ಅಡಿಸ್ಥಳದ ಹಕ್ಕು ದೊರೆಯಿತು, ಗದ್ದೆಯಲ್ಲ. ಚೋಮನಂಥವರ ಭಯ ಎಲ್ಲರಿಗಿಂತ ಹಳೆಯದು. ಘೋಷಣೆಯ ಕಿವಿಗೆ ಬಿದ್ದುದು ದಾಖಲೆಯುಳ್ಳ ಭಯ.

ಆದ್ದರಿಂದ, ಭಯವನ್ನು ಬಳಸಿತೆಂಬ ಒಂದೇ ಕಾರಣಕ್ಕೆ ಇಂಥ ವಾಗ್ಮಿತೆಯನ್ನು ತಳ್ಳಿಹಾಕುವುದು ಸರಿಯಲ್ಲ. ಬಡವರ ಹೆಸರೆತ್ತಿತೆಂದು ಪೂರ್ತಿ ಒಪ್ಪುವುದೂ ಸರಿಯಲ್ಲ. ಅದು ಯಾರ ಭಯಕ್ಕೆ ಕೊನೆ ಕಾಣಿಸಿತು, ಯಾರ ಭಯವನ್ನು ಲೆಕ್ಕದಿಂದ ಬಿಟ್ಟಿತು ಎಂಬ ಎರಡನ್ನೂ ಕೇಳಬೇಕು. ಅನೇಕಾಂತದ ಅಭ್ಯಾಸವುಳ್ಳ ಓದುಗನಿಗೆ ಇದು ಹೊಸ ಪಾಠವೇನಲ್ಲ.