ಸ್ಟ್ರಾಸ್‌ಬರ್ಗಿನ ನಿಂತ ಗಡಿಯಾರ

ಮನೆಯ ಗೋಡೆಯ ಮೇಲಿನ ಗಡಿಯಾರವು ನಿಂತುಹೋದರೆ ಅದನ್ನು ಮತ್ತೆ ನಡೆಯಿಸುವುದು ದೊಡ್ಡ ಮಾತಲ್ಲ. ಕೀ ಕೊಟ್ಟು, ನೆರೆಮನೆಯಲ್ಲಿ ಹೊತ್ತು ಕೇಳಿ, ಮುಳ್ಳು ಸರಿಸಿದರೆ ಆಯಿತು. ಆದರೆ ಹೊತ್ತಿನೊಡನೆ ವಾರ, ತಾರೀಖು, ತಿಂಗಳುಗಳನ್ನೂ ತಾನೇ ಹೇಳಬಲ್ಲ ಗಡಿಯಾರವು ನಿಂತಿತೆಂದರೆ ಯಜಮಾನನಿಗೆ ಪೇಚಾಟ. ಇಂದು ಯಾವ ತಾರೀಖೆಂದು ತಿಳಿದರೆ ಸಾಲದು. ಈ ವರ್ಷವು ಅಧಿಕ ವರ್ಷವಾಗಿ ಎಷ್ಟನೆಯದು ಎಂಬುದನ್ನೂ ಆ ಯಂತ್ರಕ್ಕೆ ತಿಳಿಸಿಕೊಡಬೇಕು. ಅದರಲ್ಲಿ ತಪ್ಪಿದರೆ ಆ ತಪ್ಪು ಆಗಲೇ ಕಾಣಿಸುವುದೂ ಇಲ್ಲ. ಮುಂದೆಂದೋ ಒಂದು ಫೆಬ್ರವರಿಯ ಕೊನೆಯ ರಾತ್ರಿ ಎದ್ದು ನಿಲ್ಲುತ್ತದೆ.

ತಿಂಗಳಿಗೆ ಮೂವತ್ತೊಂದು ದಿನವೆಂದೇ ನಂಬಿ ನಡೆಯುವ ಸಾಮಾನ್ಯ ತಾರೀಖಿನ ಗಡಿಯಾರವನ್ನು ವರ್ಷಕ್ಕೆ ಐದು ಬಾರಿ ಕೈಯಿಂದ ತಿದ್ದಬೇಕಾಗುತ್ತದೆ. ಶಾಶ್ವತ ಪಂಚಾಂಗವುಳ್ಳದ್ದಕ್ಕೆ ಆ ಉಪಚಾರ ಬೇಡ. ಅದರ ಗುಟ್ಟೆಲ್ಲ ನಾಲ್ಕು ವರ್ಷಕ್ಕೊಮ್ಮೆ ಒಂದು ಸುತ್ತು ಬರುವ ಒಂದು ತಟ್ಟೆಯಲ್ಲಿದೆ. ಅದರ ಅಂಚಿನಲ್ಲಿ 48 ತಿಂಗಳುಗಳಿಗೆ 48 ಭಾಗಗಳು. 31 ದಿನಗಳ ತಿಂಗಳಿಗೆ ಅಂಚು ಪೂರ್ಣ ಎತ್ತರದಲ್ಲಿರುತ್ತದೆ. 30 ದಿನಗಳ ತಿಂಗಳಿಗೆ ಒಂದು ಸಣ್ಣ ಕಚ್ಚು. 29 ದಿನಗಳ ಫೆಬ್ರವರಿಗೆ ಇನ್ನಷ್ಟು ಆಳವಾದ ಕಚ್ಚು. 28 ದಿನಗಳ ಮೂರು ಫೆಬ್ರವರಿಗಳಿಗೆ ಎಲ್ಲಕ್ಕಿಂತ ಆಳವಾದವು. ಒಂದು ಸನ್ನೆಯ ಮೂಗು ಈ ಅಂಚನ್ನು ಸದಾ ತಡವುತ್ತಿರುತ್ತದೆ. ಕಚ್ಚು ಎಷ್ಟು ಆಳವೋ ಸನ್ನೆಯು ಅಷ್ಟು ಕೆಳಗಿಳಿದು, ತಿಂಗಳ ಕೊನೆಯ ನಡುರಾತ್ರಿ ತಾರೀಖಿನ ಚಕ್ರವನ್ನು ಅಷ್ಟು ಹಲ್ಲು ಹೆಚ್ಚಾಗಿ ತಳ್ಳಿ, ಮರುದಿನ ಬೆಳಗಿಗೆ ಒಂದನೆಯ ತಾರೀಖನ್ನು ತಂದಿರಿಸುತ್ತದೆ. ಕುರುಡನು ಗೋಡೆ ತಡವಿಕೊಂಡು ಬಾಗಿಲು ಕಂಡುಕೊಳ್ಳುವಂತೆಯೇ ಸರಿ. ಇಂತಹ ಕೌಶಲವನ್ನು ಲಂಡನ್ನಿನ ತಾಮಸ್ ಮಜ್ ಎಂಬಾತನು 1762ರ ಸುಮಾರಿಗೆ ಜೇಬಿನಲ್ಲಿಡುವ ಗಡಿಯಾರದಲ್ಲಿಯೇ ಅಡಗಿಸಿದನು.

ಇಂತಹ ಯಂತ್ರವನ್ನು ದುರಸ್ತಿ ಮಾಡುವವನಿಗೆ ಮುಖ್ಯವಾಗಿ ಬೇಕಾದದ್ದು ಕೈಚಳಕಕ್ಕಿಂತ ತಾಳ್ಮೆ. ಗಡಿಯಾರವು ನಿಲ್ಲುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ಮುರಿದ ಚಕ್ರವಲ್ಲ, ಹಳಸಿದ ಎಣ್ಣೆ. ಎಣ್ಣೆಯು ಗಟ್ಟಿಯಾಗಿ ಧೂಳನ್ನು ಹಿಡಿದುಕೊಂಡು ಅರದಂತೆ ಉಜ್ಜುತ್ತದೆ. ಚಕ್ರದ ಅಚ್ಚಿನ ಮೊನೆ ಸವೆಯುತ್ತದೆ. ಅದು ಕೂರುವ ರಂಧ್ರವು ಒಂದು ಕಡೆಗೆ ಅಗಲವಾಗುತ್ತದೆ. ಹಲ್ಲಿಗೆ ಹಲ್ಲು ಸೇರುವುದು ತಪ್ಪುತ್ತದೆ. ಇದಲ್ಲದೆ ಮನೆಯವರು ಮಾಡುವ ಅಪಚಾರವೊಂದುಂಟು. ನಡುರಾತ್ರಿಯ ಆಸುಪಾಸಿನಲ್ಲಿ ಪಂಚಾಂಗದ ಸನ್ನೆಗಳು ಚಕ್ರಗಳನ್ನು ಕಚ್ಚಿ ಹಿಡಿದಿರುವಾಗ, ಹೊತ್ತು ಮುಂದಾಗಿದೆಯೆಂದು ಯಾರೋ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಾರೆ. ಸನ್ನೆ ಬಾಗುತ್ತದೆ, ಇಲ್ಲವೆ ಹಲ್ಲು ಹೋಗುತ್ತದೆ. ಆಮೇಲೆ ದೂರೆಲ್ಲ ಗಡಿಯಾರದ ಮೇಲೆ.

ಈ ಎಲ್ಲ ಜಾಣ್ಮೆಗೂ ಒಂದು ಮಿತಿಯುಂಟು. ನಾಲ್ಕು ವರ್ಷದ ತಟ್ಟೆಯು ನಾಲ್ಕರ ಲೆಕ್ಕವನ್ನು ಮಾತ್ರ ಬಲ್ಲದು. ಶತಮಾನದ ವರ್ಷಗಳಲ್ಲಿ 400ರಿಂದ ಭಾಗವಾಗುವುವು ಮಾತ್ರವೇ ಅಧಿಕ ವರ್ಷಗಳೆಂದು 1582ರಲ್ಲಿ ಪೋಪ್ ಗ್ರೆಗರಿಯು ಮಾಡಿದ ನಿಯಮವು ಅದಕ್ಕೆ ತಿಳಿಯದು. 2000ನೆಯ ವರ್ಷವು ಆ ನಿಯಮದಂತೆಯೇ ಅಧಿಕವಾದುದರಿಂದ ಇಂತಹ ಗಡಿಯಾರಗಳ ಮಾನ ಉಳಿಯಿತು. 2100ರಲ್ಲಿ ಅವುಗಳೆಲ್ಲ ಇಲ್ಲದ ಫೆಬ್ರವರಿ 29ನ್ನು ತೋರಿಸಲಿವೆ. ಯಾರಾದರೂ ಕೈಯಿಂದ ತಿದ್ದಬೇಕು. 'ಶಾಶ್ವತ'ವೆಂಬ ಹೆಸರು ಮಾತ್ರ ದೊಡ್ಡದು.

ಈ ಮಿತಿಯನ್ನು ದಾಟಿದ ಗಡಿಯಾರವೊಂದು ಆಲ್ಸೇಸ್ ಪ್ರಾಂತದ ಸ್ಟ್ರಾಸ್‌ಬರ್ಗ್ ನಗರದ ಪ್ರಧಾನ ಇಗರ್ಜಿಯಲ್ಲಿದೆ. ಅದರ ಕಥೆಯು ಒಂದು ದುರಸ್ತಿಯ ಕಥೆಯೇ. ಅಥವಾ ದುರಸ್ತಿಯೆಂದು ಆರಂಭವಾಗಿ ಬೇರೆಯಾಗಿ ಮುಗಿದದ್ದು.

ಆ ಇಗರ್ಜಿಯಲ್ಲಿ ಮೊದಲ ಗಡಿಯಾರವನ್ನು ಕಟ್ಟಿದ್ದು 1352ರಿಂದ 1354ರ ವರೆಗೆ. ಅದರ ಮೇಲೆ ಕಬ್ಬಿಣ ಮತ್ತು ಮರದಿಂದ ಮಾಡಿದ ಒಂದು ಹುಂಜವಿದ್ದು, ರೆಕ್ಕೆ ಬಡಿದು ಕೂಗುತ್ತಿತ್ತು. ಅದು ಕೆಟ್ಟು ನಿಂತ ಮೇಲೆ, ಗಣಿತಜ್ಞನಾದ ಕಾನ್ರಾಡ್ ಡಾಸಿಪೋಡಿಯಸನ ಯೋಜನೆಯಂತೆ ಹಾಬ್ರೆಕ್ಟ್ ಸೋದರರು ಚಕ್ರಗಳನ್ನು ಮಾಡಿ, ತೋಬಿಯಾಸ್ ಸ್ಟಿಮ್ಮರನು ಚಿತ್ರಗಳನ್ನು ಬರೆದು, 1574ರಲ್ಲಿ ಎರಡನೆಯದು ಸಿದ್ಧವಾಯಿತು. ಹಳೆಯ ಹುಂಜವನ್ನು ಇವರು ಬಿಸಾಡಲಿಲ್ಲ; ಹೊಸ ಗಡಿಯಾರದ ಮೇಲೂ ಅದೇ ಕೂಗಿತು. ಇಂತಹ ಗಡಿಯಾರವು ಬೇರೆ ಊರಿಗೆ ದೊರೆಯಬಾರದೆಂದು ನಗರದ ಹಿರಿಯರು ಅದನ್ನು ಮಾಡಿದವನ ಕಣ್ಣು ಕೀಳಿಸಿದರೆಂದು ಒಂದು ದಂತಕಥೆಯಿದೆ. ಪ್ರಾಗ್ ನಗರದ ಗಡಿಯಾರಕ್ಕೂ ಇದೇ ಕಥೆಯನ್ನು ಅಂಟಿಸಿದ್ದಾರೆ. ಆದರೆ ಐಸಾಕ್ ಹಾಬ್ರೆಕ್ಟನು 1589ರಲ್ಲಿ ಅದರ ಮಾದರಿಯಲ್ಲೇ ಮಾಡಿದ ಸಣ್ಣ ಗಡಿಯಾರವೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕಣ್ಣಿಲ್ಲದವನು ಅದನ್ನು ಮಾಡಿದನೆಂದು ನಂಬುವವರು ನಂಬಬಹುದು.

ಎರಡನೆಯ ಗಡಿಯಾರದ ದುರ್ದೈವವು ಬೇರೊಂದು ಬಗೆಯದು. ಅದು ಸಿದ್ಧವಾದ ಎಂಟೇ ವರ್ಷಕ್ಕೆ ಪಂಚಾಂಗದ ನಿಯಮವೇ ಬದಲಾಯಿತು. ಅದರಲ್ಲಿ ಗ್ರಹಗತಿಯನ್ನು ತೋರಿಸುತ್ತಿದ್ದ ಫಲಕವು ಭೂಮಿಯನ್ನು ನಡುವೆ ನಿಲ್ಲಿಸಿದ ಟಾಲೆಮಿಯ ಮತವನ್ನು ಅನುಸರಿಸಿತ್ತು. ಅದೇ ಗಡಿಯಾರದ ಗೂಡಿನ ಮೇಲೆ ಸ್ಟಿಮ್ಮರನು ಬರೆದದ್ದೋ, ಸೂರ್ಯನನ್ನು ನಡುವೆ ನಿಲ್ಲಿಸಿದ ಕೋಪರ್ನಿಕಸನ ಭಾವಚಿತ್ರ! ತನ್ನ ಮಾತನ್ನು ಒಪ್ಪದ ಯಂತ್ರವನ್ನು ಕಾಯುತ್ತ ಆ ಖಗೋಳಜ್ಞನು ಎರಡು ಶತಮಾನಕ್ಕೂ ಮೀರಿ ಗೋಡೆಯ ಮೇಲೆ ನಿಂತಿದ್ದನು. 1788ರ ಸುಮಾರಿಗೆ ಗಡಿಯಾರವು ಪೂರ್ತಿ ನಿಂತುಹೋಯಿತು. ಮರುವರ್ಷವೇ ಫ್ರಾನ್ಸಿನಲ್ಲಿ ಮಹಾಕ್ರಾಂತಿ. ಗಡಿಯಾರದ ಗೊಡವೆ ಯಾರಿಗೆ ಬೇಕಾಗಿತ್ತು?

ಒಬ್ಬ ಹುಡುಗನಿಗೆ ಬೇಕಾಗಿತ್ತು. ಜಾನ್-ಬಾಪ್ತಿಸ್ತ್ ಶ್ವಿಲ್ಗೇ 1776ರಲ್ಲಿ ಅದೇ ಊರಿನಲ್ಲಿ ಹುಟ್ಟಿದವನು. ಇಗರ್ಜಿಯ ಪರಿಚಾರಕನೊಬ್ಬನು ಬಂದವರಿಗೆ ನಿಂತ ಗಡಿಯಾರವನ್ನು ತೋರಿಸಿ, ಇದು ಇನ್ನೆಂದಿಗೂ ನಡೆಯದೆಂದು ಹೇಳುತ್ತಿದ್ದಾಗ, ಈ ಬಾಲಕನು ಮುಂದೆ ಬಂದು ತಾನು ನಡೆಯಿಸುವೆನೆಂದನಂತೆ. ದೊಡ್ಡವರಾದವರ ಬಾಲ್ಯಕ್ಕೆ ಇಂತಹ ಕಥೆಗಳು ತಾವಾಗಿ ಬಂದು ಸೇರಿಕೊಳ್ಳುತ್ತವೆ. ಆದರೂ ಮುಂದಿನ ಅರುವತ್ತು ವರ್ಷ ಅವನು ಬಾಳಿದ ರೀತಿಯು ಈ ಕಥೆಗೆ ವಿರೋಧವಾಗಿಲ್ಲ. ಅವನಿಗೆ ಗುರುವೆಂಬವರಿರಲಿಲ್ಲ; ಗಣಿತ, ಯಂತ್ರವಿದ್ಯೆಗಳನ್ನು ತಾನೇ ಓದಿ ಕಲಿತನು. ಸೆಲೆಸ್ತಾ ಎಂಬ ಸಣ್ಣ ಊರಿನಲ್ಲಿ ಗಡಿಯಾರದ ಕೆಲಸ ಮಾಡಿಕೊಂಡು, ಅಲ್ಲಿಯ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತ ಸಂಸಾರ ನಡೆಯಿಸಿದನು. ಮನಸ್ಸೆಲ್ಲ ಇಗರ್ಜಿಯ ಮೂಲೆಯಲ್ಲಿ.

ಅವನನ್ನು ಕಾಡಿದ ಸಮಸ್ಯೆಯು ಈಸ್ಟರ್ ಹಬ್ಬದ್ದು. ಕ್ರೈಸ್ತರ ಈ ಹಬ್ಬವು ವಸಂತದ ಹುಣ್ಣಿಮೆಯ ಮುಂದಿನ ಭಾನುವಾರ ಬರುತ್ತದೆ. ಮಾರ್ಚ್ 22ರಿಂದ ಏಪ್ರಿಲ್ 25ರ ವರೆಗೆ 35 ದಿನಗಳಲ್ಲಿ ಯಾವುದಾದರೂ ಆಗಬಹುದು. ಸೂರ್ಯ, ಚಂದ್ರ, ವಾರ ಮೂರನ್ನೂ ಹೊಂದಿಸಬೇಕು. 19 ಸೌರ ವರ್ಷಗಳು 235 ಚಾಂದ್ರಮಾಸಗಳಿಗೆ ಬಹುಮಟ್ಟಿಗೆ ಸಮವೆಂಬುದೇ ಇದರ ಬುಡ. ಹನ್ನೆರಡರಂತೆ ಲೆಕ್ಕ ಹಾಕಿದರೆ 19 ವರ್ಷಕ್ಕೆ 228 ತಿಂಗಳಾಗಿ ಏಳು ಮಿಗುತ್ತವೆ. ನಮ್ಮ ಪಂಚಾಂಗದಲ್ಲಿ ಆ ಏಳು ಅಧಿಕಮಾಸಗಳಾಗಿ ಬರುವುದನ್ನು ವಾಚಕರು ಬಲ್ಲರು. ಜೋಯಿಸರು ಕೂಡಿ ಕಳೆದು ಮಾಡುವ ಈ ಗಣಿತವನ್ನು ಹಿತ್ತಾಳೆಯ ಚಕ್ರಗಳಿಂದ ಮಾಡಿಸಬೇಕೆಂದು ಶ್ವಿಲ್ಗೇ ಹಟ ಹಿಡಿದನು. ವರ್ಷಗಳ ದುಡಿಮೆಯ ಮೇಲೆ 1821ರಲ್ಲಿ ಅಂತಹ ಯಂತ್ರದ ಮಾದರಿಯೊಂದನ್ನು ಮುಗಿಸಿ ಪ್ಯಾರಿಸಿಗೆ ಒಯ್ದು ತೋರಿಸಿದನು. ಹೊಗಳಿದವರಿದ್ದರು. ಆದರೂ ಗಡಿಯಾರದ ಕೆಲಸವು ಕೈಗೆ ಬರಲು ಇನ್ನೂ ಹದಿನೇಳು ವರ್ಷ ಕಾಯಬೇಕಾಯಿತು. ಆ ವೇಳೆಗೆ ಅವನು ಸ್ಟ್ರಾಸ್‌ಬರ್ಗಿಗೆ ಹಿಂದಿರುಗಿ ತೂಕದ ಯಂತ್ರಗಳನ್ನು ಮಾಡುವ ಕಾರ್ಖಾನೆಯಲ್ಲಿ ಪಾಲುದಾರನಾಗಿದ್ದನು. 1838ರ ಜೂನ್ 24ರಂದು ಕೆಲಸಕ್ಕೆ ಕೈಹಾಕಿದಾಗ ಅವನ ವಯಸ್ಸು 61.

ಇಲ್ಲಿಯೇ ಕಥೆಯ ಕಗ್ಗಂಟು. ಹಳೆಯದನ್ನು ದುರಸ್ತಿ ಮಾಡುವುದೆಂದರೆ ಸವೆದ ಚಕ್ರಗಳನ್ನು ಸರಿಪಡಿಸಿ, ಟಾಲೆಮಿಯ ಆಕಾಶವನ್ನೂ ಹಳತಾದ ಪಂಚಾಂಗವನ್ನೂ ಮತ್ತೆ ನಡೆಯಿಸುವುದು. ಅದು ನಡೆಯುತ್ತಿತ್ತು, ಆದರೆ ಸುಳ್ಳು ಹೇಳಿಕೊಂಡು ನಡೆಯುತ್ತಿತ್ತು. ಎಲ್ಲವನ್ನೂ ಹೊಸದಾಗಿ ಮಾಡುವುದೆಂದರೆ, ಬಾಲ್ಯದಲ್ಲಿ ಯಾವುದನ್ನು ನಡೆಯಿಸುವೆನೆಂದು ಹೇಳಿದ್ದನೋ ಅದನ್ನೇ ಕಿತ್ತು ಹೊರಗಿಡುವುದು. ಪೇಟೆಯ ರಿಪೇರಿಯವನು ನಮ್ಮ ಗಡಿಯಾರದ ಒಳಗೆಲ್ಲ ಬದಲಾಯಿಸಿ ಗೂಡನ್ನು ಮಾತ್ರ ಹಿಂದಕ್ಕೆ ಕೊಟ್ಟರೆ ಅವನಿಗೆ ಮೋಸಗಾರನೆಂದು ಹೆಸರಿಟ್ಟೇವು. ಶ್ವಿಲ್ಗೇ ಮಾಡಿದ್ದು ಅದನ್ನೇ. ಸುಮಾರು 18 ಮೀಟರು ಎತ್ತರದ ಡಾಸಿಪೋಡಿಯಸನ ಗೂಡನ್ನೂ ಸ್ಟಿಮ್ಮರನ ಚಿತ್ರಗಳನ್ನೂ ಉಳಿಸಿಕೊಂಡು ಯಂತ್ರವನ್ನೆಲ್ಲ ಹೊಸದಾಗಿ ಕಟ್ಟಿದನು. ಆದರೆ ಅವನನ್ನು ಮೋಸಗಾರನೆನ್ನಲು ಬಾಯಿ ಬರುವುದಿಲ್ಲ. ಡಾಸಿಪೋಡಿಯಸನು ತನ್ನ ಕಾಲದ ಜ್ಞಾನವನ್ನೆಲ್ಲ ಅಲ್ಲಿಟ್ಟನು. ಇವನು ತನ್ನ ಕಾಲದ್ದನ್ನಿಟ್ಟನು. ಹೊಸ ಗ್ರಹಫಲಕದ ನಡುವೆ ಸೂರ್ಯನು ಬಂದು ಕುಳಿತನು. ಗೋಡೆಯ ಮೇಲಿನ ಕೋಪರ್ನಿಕಸನ ಮಾತು 268 ವರ್ಷಗಳ ಮೇಲೆ ಸಂದಿತು.

1842ರ ಅಕ್ಟೋಬರ್ 2ರಂದು ಗಡಿಯಾರವು ನಡೆಯತೊಡಗಿತು. ಅದರ ಪಂಚಾಂಗವು ದೊಡ್ಡದೊಂದು ಉಂಗುರ. ಪಕ್ಕದಲ್ಲಿ ನಿಂತ ಅಪೊಲೊ ದೇವತೆಯು ಬಾಣದಿಂದ ಆ ದಿನವನ್ನು ತೋರಿಸುತ್ತಾನೆ. ನಾಲ್ಕು ವರ್ಷಕ್ಕೊಮ್ಮೆ ಒಂದು ದಿನವನ್ನು ಕೂಡಿಸುವ ಏರ್ಪಾಡಿನ ಮೇಲೆ ಶತಮಾನಕ್ಕೊಮ್ಮೆ ಅದನ್ನು ತಡೆಯುವುದು ಒಂದು. ಆ ತಡೆಯನ್ನೂ ನಾನೂರು ವರ್ಷಕ್ಕೊಮ್ಮೆ ತೆಗೆಯುವುದು ಮತ್ತೊಂದು. ಮುಂದೆ ಇಟ್ಟಿರುವ ನಕ್ಷತ್ರಗೋಲವು ಅಯನಚಲನವನ್ನೂ ಅನುಸರಿಸುತ್ತದೆ. ಆ ಒಂದು ಸುತ್ತಿಗೆ 25,000 ವರ್ಷಗಳಿಗೂ ಹೆಚ್ಚು ಬೇಕು. ಅದನ್ನು ಪರೀಕ್ಷಿಸಿ ನೋಡುವವರು ಯಾರೋ! ಅಷ್ಟು ನಿಧಾನವಾದ ಚಕ್ರಕ್ಕೂ ಅವನು ಉಳಿದ ಚಕ್ರಗಳಷ್ಟೇ ಶ್ರದ್ಧೆಯಿಂದ ಹಲ್ಲು ಕೊರೆದನು.

ಗಡಿಯಾರದ ಹನ್ನೆರಡು ಗಂಟೆಯು ಊರಿನ ಹನ್ನೆರಡೂವರೆಗೆ ಆಗುತ್ತದೆ. ಇದು ಕೆಟ್ಟಿರುವುದರಿಂದಲ್ಲ. ಶ್ವಿಲ್ಗೇಯ ಯಂತ್ರವು ಸ್ಟ್ರಾಸ್‌ಬರ್ಗಿನ ಸ್ವಂತ ಸೂರ್ಯಮಾನವನ್ನು ಬಿಟ್ಟಿಲ್ಲ; ಸರ್ಕಾರದ ಹೊತ್ತು ಅದಕ್ಕಿಂತ ಸುಮಾರು ಅರ್ಧ ಗಂಟೆ ಮುಂದಿದೆ. ಮೈಸೂರಿನ ಸೂರ್ಯಮಾನವೂ ಭಾರತದ ಕಾಲಮಾನಕ್ಕಿಂತ ಸುಮಾರು 23 ನಿಮಿಷ ಹಿಂದಿರುವುದಷ್ಟೆ. ಆ ಮಧ್ಯಾಹ್ನದಲ್ಲಿ ಹನ್ನೆರಡು ಮಂದಿ ಅಪೊಸ್ತಲರ ಬೊಂಬೆಗಳು ಕ್ರಿಸ್ತನ ಮುಂದೆ ನಮಿಸುತ್ತ ಸಾಗುತ್ತವೆ, ಹುಂಜವು ಮೂರು ಬಾರಿ ಕೂಗುತ್ತದೆ. ನೋಡಲು ಜನ ಕಿಕ್ಕಿರಿಯುತ್ತಾರೆ.

ಆದರೆ ಗಡಿಯಾರದ ನಿಜವಾದ ಕೆಲಸವು ನಡೆಯುವುದು ಡಿಸೆಂಬರ್ 31ರ ನಡುರಾತ್ರಿ. ಆಗ ಈಸ್ಟರಿನ ಯಂತ್ರವು ಎಚ್ಚೆತ್ತು, ಚಕ್ರಗಳೆಲ್ಲ ತಿರುಗಿ, ಮುಂಬರುವ ವರ್ಷದ ಹಬ್ಬವನ್ನು ಗುಣಿಸಿ, ಅದನ್ನು ಅನುಸರಿಸಿ ಬರುವ ಉಳಿದ ಹಬ್ಬಗಳೊಡನೆ ಉಂಗುರದ ಮೇಲೆ ಇಟ್ಟು, ಮತ್ತೆ ಒಂದು ವರ್ಷ ಸುಮ್ಮನಾಗುತ್ತದೆ. ಶ್ವಿಲ್ಗೇ 1856ರಲ್ಲಿ ತೀರಿಕೊಂಡನು. ಆಮೇಲೆ ಆ ನಗರವು 1871ರಲ್ಲಿ ಜರ್ಮನರದಾಯಿತು, 1918ರಲ್ಲಿ ಫ್ರೆಂಚರದಾಯಿತು, 1940ರಲ್ಲಿ ಮತ್ತೆ ಜರ್ಮನರ ಕೈಗೆ ಸಿಕ್ಕಿ 1944ರಲ್ಲಿ ಬಿಡುಗಡೆಯಾಯಿತು.

ಕಿತ್ತು ಹೊರಗಿಟ್ಟ ಹಳೆಯ ಚಕ್ರಗಳನ್ನು ಗುಜರಿಗೆ ಹಾಕಲಿಲ್ಲ. ಡಾಸಿಪೋಡಿಯಸನ ಗಡಿಯಾರದ ಭಾಗಗಳು, ಟಾಲೆಮಿಯ ಮತದ ಆ ಗ್ರಹಫಲಕವೂ ಸೇರಿ, ಇಗರ್ಜಿಯ ಪಕ್ಕದ ರೋಹಾನ್ ಅರಮನೆಯ ಸಂಗ್ರಹಾಲಯದಲ್ಲಿವೆ. ಎರಡು ಗಡಿಯಾರಗಳ ಮೇಲೆ ಕೂಗಿದ ಹುಂಜವೂ ಅಲ್ಲಿಯೇ ಇದೆ. ಇಗರ್ಜಿಯಲ್ಲಿ ಈಗ ಕೂಗುವುದು ಅದರ ಬದಲು ಬಂದ ಇನ್ನೊಂದು.