ಸೆಲ್ಫ್ ಹೊಡೆಯದ ಕಾರು

ಲಗ್ನಪತ್ರಿಕೆಯನ್ನು ಅಚ್ಚು ಹಾಕಿಸುವುದು ಸುಲಭ, ಹಂಚುವುದೇ ಕಷ್ಟ ಎಂಬುದು ಹೆಣ್ಣು ಹೆತ್ತವರಿಗೆಲ್ಲ ತಿಳಿದ ಸಂಗತಿ. ಅಂಚೆಯಲ್ಲಿ ಕಳುಹಿಸಿದರೆ ಮನೆಗೆ ಬಂದು ಕರೆಯಲಿಲ್ಲವೆಂಬ ದೂರು. ಫೋನಿನಲ್ಲಿ ಕಳುಹಿಸಿದರೆ ಅದಕ್ಕಿಂತ ದೊಡ್ಡ ಅಪರಾಧ. ಆದುದರಿಂದ ನಾನೂ ನನ್ನಾಕೆಯೂ ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆಗಳ ಕಟ್ಟನ್ನು ಹಿಂದಿನ ಸೀಟಿನ ಮೇಲಿಟ್ಟುಕೊಂಡು ದಾವಣಗೆರೆಯಿಂದ ಹೊರಟೆವು. ಚನ್ನಗಿರಿ, ಹೊನ್ನಾಳಿ ಮುಗಿಸಿ ನ್ಯಾಮತಿಯಲ್ಲಿ ರಾತ್ರಿ ತಂಗುವುದು. ಮರುದಿನ ಹಿಂದಿರುಗಿ, ಊರನ್ನು ದಾಟಿ, ಆ ಕಡೆಯ ಜಗಳೂರಿಗೆ ಹೋಗುವುದು ಎಂದು ನಿಶ್ಚಯವಾಗಿತ್ತು. ಜಗಳೂರನ್ನೇ ಮೊದಲು ಮುಗಿಸೋಣವೆಂದು ನನ್ನಾಕೆ ಹೇಳಿದ್ದಳು. ಆದರೆ ಕಷ್ಟದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದು ನನ್ನ ಸ್ವಭಾವ.

ಜಗಳೂರಿನಲ್ಲಿ ನನ್ನ ಅಕ್ಕನಿದ್ದಾಳೆ. ತಂದೆಯವರ ಜಮೀನು ಪಾಲಾದಂದಿನಿಂದ ಎಂಟು ವರ್ಷಗಳ ಕಾಲ ನಾವು ಒಬ್ಬರ ಹೊಸಿಲನ್ನು ಒಬ್ಬರು ತುಳಿದಿರಲಿಲ್ಲ. ತಪ್ಪು ಯಾರದೆಂದು ಇಲ್ಲಿ ಲೆಕ್ಕ ಹಾಕಿದರೆ ಹೆಚ್ಚು ಪಾಲು ನನಗೇ ಬಂದೀತು. ಆಕೆ ಮರುದಿನ ಸಂಜೆ ಬೆಂಗಳೂರಿಗೆ, ಮಗನ ಮನೆಗೆ, ಹೊರಡುವವಳಿದ್ದಳು. ಮಧ್ಯಾಹ್ನದೊಳಗೆ ಬರುತ್ತೇವೆಂದು ಫೋನು ಮಾಡಿದಾಗ, "ಬಂದ್ರೆ ನೋಡೋಣ" ಎಂದಷ್ಟೇ ಹೇಳಿದಳು.

ಚನ್ನಗಿರಿಯಲ್ಲಿ ಬಂಧುಗಳ ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿತ್ತು. ಕಾಫಿ ಕುಡಿದು ಬಂದು ಕಾರಿನ ಕೀಲಿ ತಿರುಗಿಸಿದರೆ, ಎಂಜಿನ್ ತಿರುಗುವ ಬದಲು "ಟಕಟಕಟಕ" ಎಂಬ ಸದ್ದು, ಹಲ್ಲಿ ಲೊಚಗುಟ್ಟಿದ ಹಾಗೆ. ನನ್ನದು ಗೇರು ತಾನಾಗಿಯೇ ಬದಲಾಗುವ ಕಾರು, ನೂಕಿ ಪ್ರಯೋಜನವಿಲ್ಲ. ಬ್ಯಾಟರಿ ಅಂಗಡಿಯವನು ಬಂದು, "ಮೂರು ವರ್ಷ ಆತಲ್ಲ ಸರ್, ಜೀವ ಹೋಗೈತಿ" ಎಂದ. ಹೊಸ ಬ್ಯಾಟರಿ ಕೂರಿಸಿದ, ಕಾರು ಹೊರಟಿತು. ಜೇಬು ಹಗುರಾಯಿತು, ಮನಸ್ಸೂ ಹಗುರಾಯಿತು. ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು ನೋಡುವಷ್ಟು ಉಲ್ಲಾಸವೂ ಇತ್ತು.

ಮರುದಿನ ಬೆಳಿಗ್ಗೆ ನ್ಯಾಮತಿಯಲ್ಲಿ, ಹೊಸ ಬ್ಯಾಟರಿಯಿಂದಲೇ, ಮತ್ತೆ ಟಕಟಕಟಕ!

ನ್ಯಾಮತಿ ಹೊನ್ನಾಳಿ ತಾಲ್ಲೂಕಿನಿಂದ ಪಾಲಾಗಿ ಈಗ ಒಂದು ತಾಲ್ಲೂಕಾಗಿದೆ. ಪಾಲಿನ ಮಾತು ಬಂದರೆ ನನಗೆ ಜಗಳೂರೇ ನೆನಪಾಗುತ್ತದೆ. ನನ್ನಾಕೆ ಗಡಿಯಾರವನ್ನು ನೋಡಿದಳು, ಮಾತಾಡಲಿಲ್ಲ. ಷಡ್ಡಕರು ಲಾರಿಗಳ ವೈರಿಂಗ್ ಮಾಡುವ ಒಬ್ಬ ಮುದುಕನಿಗೆ ಹೇಳಿ ಕಳುಹಿಸಿದರು. ಆತ ಬಂದಾಗ ಹನ್ನೊಂದು ಗಂಟೆ.

ಆತ ಬಾನೆಟ್ಟನ್ನು ಮುಟ್ಟಲೇ ಇಲ್ಲ. "ಹೆಡ್‌ಲೈಟ್ ಹಾಕಿ ಯಜಮಾನ್ರೇ. ಈಗ ಸೆಲ್ಫ್ ಹೊಡೀರಿ" ಎಂದು, ಎದುರಿನ ಗೋಡೆಯ ಮೇಲೆ ಬಿದ್ದ ಬೆಳಕನ್ನೇ ನೋಡುತ್ತ ನಿಂತ. ಕಾರು ಟಕಟಕ ಎಂದಿತು, ಬೆಳಕು ಕುಂದಲಿಲ್ಲ.

"ಬ್ಯಾಟ್ರಿ ಸತ್ತಿದ್ರೆ ಲೈಟು ಮಂಕಾಗ್ಬೇಕಿತ್ತು. ಇದು ಬ್ಯಾಟ್ರಿ ಅಲ್ಲ, ದಾರಿ. ಭದ್ರಾ ಡ್ಯಾಮ್ ತುಂಬಿದ್ರೆ ಆತೇನು? ಕಾಲುವೇಲಿ ಹೂಳು ತುಂಬಿದ್ರೆ ಕೊನೆ ಗದ್ದೆಗೆ ನೀರು ಬರ್ತದಾ?"

ಭದ್ರಾ ಅಚ್ಚುಕಟ್ಟಿನ ಕೊನೆಯಂಚಿನ ರೈತರ ಗೋಳನ್ನು ಕೇಳಿ ಬೆಳೆದ ನನಗೆ ಬೇರೆ ವಿವರಣೆ ಬೇಕಿರಲಿಲ್ಲ. ಆದರೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. 55 ವ್ಯಾಟಿನ ಒಂದು ದೀಪಕ್ಕೆ 5 ಆಂಪಿಯರ್ ವಿದ್ಯುತ್ತೂ ಬೇಡ. ಸೆಲ್ಫ್ ಮೋಟಾರಿಗೆ 150ರಷ್ಟು ಬೇಕಾದೀತು. ಅದು ಹರಿಯುವ ದಾರಿಯಲ್ಲಿ ಒಂದು ಓಮಿನ ಇಪ್ಪತ್ತನೆಯ ಒಂದು ಭಾಗದಷ್ಟು ತಡೆಯಿದ್ದರೂ, ಅಷ್ಟು ವಿದ್ಯುತ್ತಿಗೆ ಏಳೂವರೆ ವೋಲ್ಟು ಅಲ್ಲಿಯೇ ಕರಗುತ್ತದೆ. 12 ವೋಲ್ಟಿನಲ್ಲಿ ಮೋಟಾರಿಗೆ ಉಳಿಯುವುದೆಷ್ಟು? ಸೆಲ್ಫಿನ ಸ್ವಿಚ್ಚು ಹಿಡಿಯುತ್ತದೆ, ಮೋಟಾರು ವಿದ್ಯುತ್ತನ್ನು ಎಳೆದೊಡನೆ ಬಲಗುಂದಿ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಟಕಟಕ ಎಂದರೆ ಇದೇ. ಚನ್ನಗಿರಿಯಲ್ಲಿ ಹೊಸ ಬ್ಯಾಟರಿಯ ಕಸುವಿನಲ್ಲಿ ರೋಗ ಒಂದು ದಿನದ ಮಟ್ಟಿಗೆ ಮುಚ್ಚಿಹೋಗಿತ್ತು, ಅಷ್ಟೆ. ಟಕಟಕ ಎನ್ನದೆ ಒಂದೇ ಸಲ ಗಟ್ಟಿಯಾಗಿ "ಟಕ್" ಎಂದು ಸುಮ್ಮನಾದರೆ ಮೋಟಾರಿನ ಕಡೆಗೂ ನೋಡಬೇಕಂತೆ.

ಮುದುಕ ದಪ್ಪ ಕೇಬಲೊಂದನ್ನು ತಂದು, ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಡೆಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಕಚ್ಚಿಸಿದ. "ಈಗ ಹೊಡೀರಿ."

ಒಂದೇ ಏಟಿಗೆ ಎಂಜಿನ್ ಎದ್ದಿತು! ಕಾರಿನ ಮೈಯಿಂದ ಎಂಜಿನ್ನಿಗೆ ಬರುವ ಅರ್ಥ್ ಪಟ್ಟಿ ಕೆಳಗಡೆ ಹಸಿರು ಕಿಲುಬು ಹಿಡಿದು, ನಾಲ್ಕಾರು ಎಳೆಗಳ ಮೇಲೆ ನೇತಾಡುತ್ತಿತ್ತು. ಹೊಸದು ಸಿಗುವ ಊರಲ್ಲ. ಲಾರಿಯ ಹಳೆಯ ಕೇಬಲನ್ನು ಕತ್ತರಿಸಿ, ತುದಿಗಳಿಗೆ ಹಿತ್ತಾಳೆಯ ಕಿವಿ ಬೆಸೆದು, ಲೋಹವನ್ನು ಉಜ್ಜಿ ಹೊಳೆಯಿಸಿ ಬಿಗಿಯುವ ಹೊತ್ತಿಗೆ ಒಂದೂವರೆ ಗಂಟೆ. ಕೆಳಗೆ ದೀಪ ಹಿಡಿದು ಮಲಗಿದವನು ನಾನೇ, ಕೈಯೆಲ್ಲ ಮಸಿ.

ಷಡ್ಡಕರು ಈ ನಡುವೆ ಹಿಂದಿನ ಕಾಲದ ಅಂಬಾಸಡರುಗಳನ್ನು ಹೊಗಳುತ್ತಿದ್ದರು: ಸೆಲ್ಫ್ ಕೆಟ್ಟರೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬಹುದಾಗಿತ್ತಂತೆ. ನಿಜವೇ. ಆದರೆ ಆ ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿದವರು ಲೋಕದಲ್ಲಿ ಬಹಳ ಮಂದಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ವಿದ್ಯುತ್ ಸೆಲ್ಫನ್ನು ಸಿದ್ಧಪಡಿಸಿ, 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂದಮೇಲೆಯೇ ಆ ಅಪಾಯ ಕಡಮೆಯಾದದ್ದು. ಇದನ್ನು ಷಡ್ಡಕರಿಗೆ ಹೇಳುವ ವ್ಯವಧಾನ ನನಗಿರಲಿಲ್ಲ.

ಮುದುಕ ಕೇಳಿದ ಹಣ ಬ್ಯಾಟರಿಯ ಬೆಲೆಯ ಹತ್ತನೆಯ ಒಂದು ಪಾಲೂ ಅಲ್ಲ. ಹೆಚ್ಚು ಕೊಡಹೋದರೆ, "ಮದುವೆಗೆ ಕರೀರಿ, ಊಟ ಮಾಡ್ತೀನಿ" ಎಂದ. ಪತ್ರಿಕೆಯೊಂದನ್ನು ಆತನಿಗೂ ಕೊಟ್ಟೆವು.

ದಾರಿಯಲ್ಲಿ ಎಲ್ಲಿಯೂ ಎಂಜಿನ್ ನಿಲ್ಲಿಸಲಿಲ್ಲ. ಹೊನ್ನಾಳಿ, ದಾವಣಗೆರೆ ಹಿಂದಾದುವು. ಜಗಳೂರಿನ ಬಯಲು ಬರುವಾಗ ಬಿಸಿಲು ಇಳಿದಿತ್ತು. ಅಕ್ಕ ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ತಲೆಗೂದಲೆಲ್ಲ ಬೆಳ್ಳಗಾಗಿತ್ತು, ನನಗೆ ಯಾರೂ ಹೇಳಿರಲಿಲ್ಲ. ಎಂಜಿನ್ನನ್ನು ಹಾಗೆಯೇ ಬಿಟ್ಟು ಇಳಿದು, ಪತ್ರಿಕೆ ಹಿಡಿದು ಮುಂದೆ ನಿಂತೆ. ಆಕೆ ಪತ್ರಿಕೆಯನ್ನು ನೋಡಲಿಲ್ಲ, ನನ್ನ ಕೈಗಳನ್ನು ನೋಡಿದಳು.

"ಮೊದ್ಲು ಅದನ್ನ ಆರ್ಸೋ. ನಿಂತ ಕಾಲಿನ ಮೇಲೆ ಹೋಗೋಕೆ ಬಂದ್ಯಾ?"

"ಆರಿಸಿದರೆ ಮತ್ತೆ ಹೊರಡುತ್ತೋ ಇಲ್ಲವೋ ಅಕ್ಕ."

"ಹೊರಡದಿದ್ರೆ ಇರು. ನಾನೂ ನಾಳೆ ಹೋದ್ರಾತು."

ನಾನು ಹಿಂದಿರುಗಿ ಹೋಗಿ ಕೀಲಿ ತಿರುಗಿಸಿದೆ. ಅಕ್ಕ ಒಳಗಿನಿಂದ ಒಂದು ಚೊಂಬು ನೀರನ್ನೂ ಸೋಪನ್ನೂ ತಂದು ಕಟ್ಟೆಯ ಮೇಲಿಟ್ಟಳು.