ಮೆಂತ್ಯ ಹಾಕಿದ ಬುಟ್ಟಿ

ಕಳೆದ ಚಳಿಗಾಲದ ಒಂದು ಸಂಜೆ. ಆರನೇ ತರಗತಿಯಲ್ಲಿ ಓದುವ ನನ್ನ ಕಿರಿಯ ಮಗಳು ಶಾಲೆಯಿಂದ ಬಂದವಳೇ ಬ್ಯಾಗನ್ನು ಮೂಲೆಗೆ ಎಸೆದು, "ಮಮ್ಮಿ, ಹದಿನೈದು ದಿನದೊಳಗೆ 'ಕಸದಿಂದ ರಸ' ಮಾಡಿಕೊಂಡು ಹೋಗಬೇಕು. ಅಂಗಡಿಯಲ್ಲಿ ಅದಕ್ಕೆ ಬೇಕಾದ ಎಲ್ಲ ಸಾಮಾನಿನ ಸೆಟ್ ಸಿಗುತ್ತದಂತೆ, 350 ರೂಪಾಯಿ" ಎಂದಳು. ಕಸವನ್ನೂ ದುಡ್ಡು ಕೊಟ್ಟು ಕೊಳ್ಳುವ ಕಾಲ ಬಂತಲ್ಲ ಎಂದು ನನಗೆ ನಗು ಬಂತು. ಆದರೆ ಹಗಲು ಶಾಲೆ, ಸಂಜೆ ಮದ್ರಸದ ಮಕ್ಕಳು, ನಡುವೆ ಅಡುಗೆ. ಇವುಗಳ ಮಧ್ಯೆ ಕುಳಿತು ಗೊಂಬೆ ಮಾಡಿಸಲು ನನಗೆ ಪುರುಸೊತ್ತಾದರೂ ಎಲ್ಲಿ? ಪರ್ಸಿಗೆ ಕೈ ಹಾಕಿದೆ.

ಅಷ್ಟರಲ್ಲಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಅಮ್ಮೀ ಕೇಳಿದರು:

"ಮನೆಯಲ್ಲಿ ರದ್ದಿ ಪೇಪರ್ ಇಲ್ಲವೇನು? ಮೆಂತ್ಯ ಇಲ್ಲವೇನು?"

ಮಗಳಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಅರ್ಥವಾದುದರಿಂದಲೇ ನನ್ನ ಕೈ ಪರ್ಸಿನೊಳಗೇ ನಿಂತುಬಿಟ್ಟಿತು.

ನನ್ನ ಅಬ್ಬಾ ದರ್ಜಿಯಾಗಿದ್ದರು. ಹುಬ್ಬಳ್ಳಿಯ ಕಡೆಯ ಒಂದು ಸಣ್ಣ ಊರಿನಲ್ಲಿ ನಮ್ಮ ಬಾಡಿಗೆ ಮನೆ. ಆ ಮನೆಯಲ್ಲಿ ಎಸೆಯುವಂಥದ್ದು ಎಂಬುದೇ ಇರಲಿಲ್ಲ. ಅಂಗಡಿಯ ಬಟ್ಟೆ ಚೂರುಗಳು ಕೌದಿಯಾಗುತ್ತಿದ್ದವು. ನೂಲು ಮುಗಿದ ಉಂಡೆಗಳು ನಮ್ಮ ಆಟದ ಗಾಡಿಗೆ ಚಕ್ರವಾಗುತ್ತಿದ್ದವು. ಕಾಗದವೆಲ್ಲ ಬುಟ್ಟಿಯಾಗುತ್ತಿತ್ತು. ವಾರ್ಷಿಕ ಪರೀಕ್ಷೆ ಮುಗಿದ ಮರುದಿನವೇ ಅಮ್ಮೀ ನಮ್ಮ ನೋಟ್‌ಪುಸ್ತಕಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಅದಕ್ಕಾಗಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಲ್ಲಾಹನ ಹೆಸರಿರುವ, ಅರಬಿ ಅಕ್ಷರವಿರುವ ಕಾಗದ ಒಂದೂ ಬಿಡದ ಹಾಗೆ ಬೇರೆ ತೆಗೆ" ಎನ್ನುತ್ತಿದ್ದರು. ಉಳಿದದ್ದು ನೀರಿಗೆ ಬೀಳುತ್ತಿತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ರೊಟ್ಟಿಗೊಂದು, ಈರುಳ್ಳಿಗೊಂದು, ಮೊಟ್ಟೆಗೊಂದು ಬುಟ್ಟಿ ಸಿದ್ಧ. ಬಿದಿರಿನ ಹಳೆಯ ಮೊರದ ಸಂದುಗಳಿಗೂ ಅದೇ ಕಾಗದದ ಮುದ್ದೆಯನ್ನು ಮೆತ್ತಿ ಹೊಸತು ಮಾಡುತ್ತಿದ್ದರು. ಆಗ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ, ಯಾವ ಜಾತಿ ಧರ್ಮದ ಭೇದವಿಲ್ಲದೆ, ಹೆಂಗಸರು ಮಧ್ಯಾಹ್ನದ ಹೊತ್ತು ಮಾಡುತ್ತಿದ್ದ ಕೆಲಸವಿದು.

ನಾನು ಹೆಣ್ಣುಮಕ್ಕಳ ಮದ್ರಸದ ಹಾಸ್ಟೆಲ್ ಸೇರಿದಾಗ ಅಮ್ಮೀ ಅಂಥದೇ ಒಂದು ಬುಟ್ಟಿಯಲ್ಲಿ ಚಕ್ಕುಲಿ ತುಂಬಿ ಕಳಿಸಿದ್ದರು. ಗೆಳತಿಯೊಬ್ಬಳು ಅದನ್ನು ಮೂಸಿ ನೋಡಿ, "ಅಯ್ಯೋ, ರದ್ದಿ ಕಾಗದದಲ್ಲಿ ತಿಂಡಿ!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿನ ಜೊತೆ ನನ್ನೊಳಗೆ ಒಂದು ನಾಚಿಕೆ ಸೇರಿಕೊಂಡಿತು. ಮುಂದೆ ಆಲಿಮಾ ಕೋರ್ಸ್ ಮುಗಿಸಿದೆ. ಮದುವೆಯಾದ ಮೇಲೆ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಬಿ.ಎ. ಪಾಸು ಮಾಡಿದೆ. ವಿದ್ಯೆ ಹೆಚ್ಚಿತು, ನಾಚಿಕೆ ಮಾತ್ರ ಹಾಗೆಯೇ ಉಳಿಯಿತು.

2009ರಲ್ಲಿ ನಾವು ಹೊಸ ಮನೆ ಕಟ್ಟಿಸಿ ಸೇರಿದೆವು. ಅಮ್ಮೀ ವರ್ಷ ವರ್ಷ ಕೊಡುತ್ತ ಬಂದಿದ್ದ ಏಳು ಬುಟ್ಟಿಗಳು ಹಳೆಯ ಅಟ್ಟದ ಮೇಲಿದ್ದವು. ಹೊಸ ಅಡುಗೆ ಮನೆಗೆ ಬಣ್ಣ ಬಣ್ಣದ ಪ್ಲಾಸ್ಟಿಕ್ ಡಬ್ಬಿ ಬಂದಿದ್ದವು. ಆ ಏಳನ್ನೂ ನಾನೇ ಸ್ನಾನದ ಹಂಡೆಯ ಒಲೆಗೆ ಹಾಕಿದೆ. ತಿಂಗಳ ನಂತರ ಮನೆ ನೋಡಲು ಬಂದ ಅಮ್ಮೀ ಅಡುಗೆ ಮನೆಯನ್ನೆಲ್ಲ ಕಣ್ಣಲ್ಲೇ ಹುಡುಕಿ, "ಬುಟ್ಟಿ ಎಲ್ಲಿವೆ?" ಎಂದು ಕೇಳಿದರು.

"ಹುಳ ಹಿಡಿದಿತ್ತು ಅಮ್ಮೀ, ಬಿಸಾಡಿದೆ" ಎಂದೆ.

ಅವರು ಏನೂ ಹೇಳಲಿಲ್ಲ. ಮುಂದಿನ ಬೇಸಿಗೆಯಿಂದ ಬುಟ್ಟಿ ಬರುವುದು ನಿಂತುಹೋಯಿತು.

ಮೂರು ವರ್ಷದ ಹಿಂದೆ ಅಬ್ಬಾ ತೀರಿಕೊಂಡರು. (ಅಲ್ಲಾಹನು ಅವರ ಮೇಲೆ ಕರುಣೆ ತೋರಲಿ.) ಅಂದಿನಿಂದ ಅಮ್ಮೀ ನಮ್ಮ ಮನೆಯಲ್ಲಿದ್ದಾರೆ. 74 ವರ್ಷ. ನಮಾಝಿನ ಹೊತ್ತು ಬಿಟ್ಟರೆ ಮಂಚವೇ ಅವರ ಲೋಕವಾಗಿತ್ತು. ಯಾವ ಮಾತಿಗೂ ಹೂಂ, ಉಹೂಂ ಅಷ್ಟೆ. ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿರುವುದಿಲ್ಲ. ಮನೆಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್, ಅವರ ಕೈ ಮಾತ್ರ ಖಾಲಿ. ಅಂಥವರು ಆ ಸಂಜೆ ತಾವಾಗಿಯೇ ಎದ್ದು ಕುಳಿತು ಮೆಂತ್ಯದ ಮಾತು ತೆಗೆದಿದ್ದರು.

ಮರುದಿನದಿಂದ ನಮ್ಮ ಹಿತ್ತಲು ಕಾರ್ಖಾನೆಯಾಯಿತು. ಮೊದಲು ಸುಮಾರು ಒಂದು ಕಿಲೋ ಪತ್ರಿಕೆಗಳನ್ನು ಅಜ್ಜಿ ಮೊಮ್ಮಗಳು ಕೂತು ಸಣ್ಣದಾಗಿ ಹರಿದರು. "ಕತ್ತರಿ ಬೇಡ, ಕೈಯಿಂದಲೇ ಹರಿ. ಹರಿದ ಅಂಚಿನಲ್ಲಿ ನಾರು ಬಿಡುತ್ತದೆ, ಚೆನ್ನಾಗಿ ಹಿಡಿಯುತ್ತದೆ" ಎಂದರು ಅಮ್ಮೀ. ಹೊಳಪಿನ ಕಾಗದವನ್ನು ಮುಟ್ಟಿದ ಕೂಡಲೇ ಪಕ್ಕಕ್ಕಿಟ್ಟರು, ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲವಂತೆ. ನಾಲ್ಕು ದಿನ ನೆನೆಸಿ, ದಿನವೂ ನೀರು ಬದಲಿಸಿದೆವು. ಐದನೆಯ ದಿನ ಹಿಂಡಿ, ರುಬ್ಬುವ ಕಲ್ಲಿಗೆ ಹಾಕಿದೆವು. ಕಾಲು ಕಿಲೋ ಮೆಂತ್ಯವನ್ನು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ನುಣ್ಣಗೆ ರುಬ್ಬಿದೆವು. ನೆನೆದ ಮೆಂತ್ಯದ ಲೋಳೆಯೇ ಇಲ್ಲಿ ಅಂಟು, ಅದರ ಕಹಿಯೇ ಹುಳಕ್ಕೆ ಕಾವಲು. ಎರಡನ್ನೂ ಬೆರೆಸಿ ಚಪಾತಿ ಹಿಟ್ಟಿನಂತೆ ನಾದಬೇಕು.

ಆ ನಾದುವಿಕೆಯನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಚಹಾದ ಲೋಟ ಹಿಡಿದರೆ ನಡುಗುವ ಕೈ ಅದು. ಮುದ್ದೆಯೊಳಗೆ ಇಳಿದ ಮೇಲೆ ಅದು ನಡುಗಲಿಲ್ಲ. ಮಗಳ ಹೆಸರನ್ನೇ ಒಮ್ಮೊಮ್ಮೆ ತಪ್ಪಿ ಕರೆಯುವ ಅಮ್ಮೀ, ಮುದ್ದೆಗೆ ಇನ್ನೆಷ್ಟು ನೀರು ಬೇಕೆಂಬುದನ್ನು ತಪ್ಪಲಿಲ್ಲ. ಬೋಗುಣಿಯೊಂದನ್ನು ಬೋರಲು ಹಾಕಿ, ಒದ್ದೆ ಬಟ್ಟೆ ಹೊದಿಸಿ, ಅದರ ಮೇಲೆ ಬೆರಳಿನ ದಪ್ಪಕ್ಕೆ ಮೆತ್ತುತ್ತ ಹೋದರು. "ಬಟ್ಟೆ ಹಾಕದಿದ್ದರೆ ಒಣಗಿದ ಮೇಲೆ ಬೋಗುಣಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬಿಡಿಸಲು ಆಗದು" ಎಂದು ಮೊಮ್ಮಗಳಿಗೆ ಪಾಠ ಹೇಳಿದರು. ಮೊದಲು ನೆರಳು, ಆಮೇಲೆ ಬಿಸಿಲು. ಅರೆ ಒಣಗಿದಾಗ ಬಿಡಿಸಿ ಒಳಭಾಗಕ್ಕೂ ಬಿಸಿಲು ತೋರಿಸಬೇಕು. ಅವಸರ ಮಾಡಿದರೆ ಬಿರುಕು ಖಂಡಿತ.

ಮೊದಲ ಬುಟ್ಟಿ ಬಿರಿದೇ ಹೋಯಿತು. ಮಗಳು ಅತ್ತಳು. ಅಮ್ಮೀ ನಕ್ಕು ಆ ಬಿರುಕಿಗೇ ಮತ್ತಷ್ಟು ಮುದ್ದೆ ಮೆತ್ತಿದರು. ನಮ್ಮ ಮನೆಯಲ್ಲಿ ಅವರ ನಗು ಕೇಳಿ ಎಷ್ಟೋ ದಿನಗಳಾಗಿದ್ದವು.

ಒಣಗಿದ ಮೇಲೆ ಶೃಂಗಾರ. ಅಬ್ಬಾರ ಗುಂಡಿ ಡಬ್ಬ ಹೊರಬಂತು. ಶೇರ್ವಾನಿಯ ಹಿತ್ತಾಳೆ ಗುಂಡಿ, ಒಡೆದ ಬಳೆ ಚೂರು, ಹಳೆಯ ಮದುವೆ ಕಾರ್ಡಿನ ಚಿನ್ನದ ಅಂಚು, ದುಪಟ್ಟಾದಿಂದ ಉದುರಿದ ಚಮಕಿ, ಸವೆದ ಸೀರೆಯ ಜರಿ, ಖರ್ಜೂರದ ಬೀಜ, ಎಲ್ಲವೂ ಚಾಪೆಯ ಮೇಲೆ ಹರಡಿಕೊಂಡವು. ಅಂಟಿಸಲು ಹುಣಿಸೆ ಬೀಜದ ಅಂಟು. ಬೀಜವನ್ನು ಹುರಿದು, ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ ಕುದಿಸಿದರೆ ಒಳ್ಳೆಯ ಅಂಟಾಗುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಮಾಡುವವರೂ ಹುಣಿಸೆ ಬೀಜದ ಅಂಟನ್ನೇ ಬಳಸುತ್ತಾರೆ. ಬುಟ್ಟಿಯ ಸುತ್ತ ಒಂದು ಊರೇ ಎದ್ದಿತು. ಬಳೆ ಚೂರಿನ ಕಿಟಕಿಯ ಮನೆ, ಗುಂಡಿಯ ಚಂದ್ರ, ಖರ್ಜೂರದ ಬೀಜದ ದೋಣಿ, ದೋಣಿಯ ಮೇಲೊಂದು ಮರ! "ದೋಣಿಯ ಮೇಲೆ ಮರ ಬೆಳೆಯುತ್ತದೆಯೇ?" ಎಂದೆ. "ನಮ್ಮ ಊರಲ್ಲಿ ಬೆಳೆಯುತ್ತದೆ" ಎಂದು ಅಜ್ಜಿ ಮೊಮ್ಮಗಳು ಒಟ್ಟಿಗೇ ಹೇಳಿದರು.

ಉಳಿದ ಮುದ್ದೆಯಿಂದ ಮಗಳು ಒಂದು ಕುದುರೆ ಮಾಡಿದಳು. ಅಷ್ಟಕ್ಕೇ ನಿಲ್ಲದೆ ಅಬ್ಬಾರ ಅಂಗಡಿಯ ಹಳೆಯ ಬಟ್ಟೆ ಚೂರುಗಳಿಂದ ಅದಕ್ಕೆ ಎರಡು ರೆಕ್ಕೆ ಅಂಟಿಸಿದಳು. ನನ್ನೊಳಗಿನ ಟೀಚರ್ ಕೂಡಲೇ ಎಚ್ಚೆತ್ತಳು. "ಇದೇನು ಆಟ? ಕುದುರೆಗೆಲ್ಲಾದರೂ ರೆಕ್ಕೆ ಇರುತ್ತದೆಯೇ?" ಎಂದು ಗದರಲು ಬಾಯಿ ತೆರೆದವಳು ಅಲ್ಲೇ ಸುಮ್ಮನಾದೆ. ಈ ಮಾತನ್ನು ಎಲ್ಲೋ ಓದಿದ್ದೇನಲ್ಲ!

ಮದ್ರಸದಲ್ಲಿ ಅಬೂದಾವೂದ್ ಗ್ರಂಥದಲ್ಲಿ ಓದಿದ ಪ್ರಸಂಗ. ಪ್ರವಾದಿ ಮುಹಮ್ಮದ್(ಸ) ಯಾತ್ರೆಯಿಂದ ಮರಳಿದ್ದರು. ಗಾಳಿಗೆ ಪರದೆ ಸರಿದು ಹಝ್ರತ್ ಆಯಿಶಾ(ರ)ರ ಆಟದ ಗೊಂಬೆಗಳು ಕಂಡವು. ಅವುಗಳ ನಡುವೆ ಒಂದು ಕುದುರೆ, ಅದಕ್ಕೆ ಬಟ್ಟೆ ಚೂರುಗಳ ಎರಡು ರೆಕ್ಕೆ! ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ(ಸ) ವಿಚಾರಿಸಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನೆ ಹಾಕಿದರು. ಆಗ ಪ್ರವಾದಿಯವರು(ಸ) ದವಡೆ ಹಲ್ಲು ಕಾಣುವಷ್ಟು ನಕ್ಕರು.

ಇದನ್ನು ನಾನು ಪರೀಕ್ಷೆಗಾಗಿ ಓದಿದ್ದೆ, ಅಂಕವನ್ನೂ ಪಡೆದಿದ್ದೆ. ಆದರೆ ಆ ಮನೆಯಲ್ಲಿ ಚಿಂದಿ ಬಟ್ಟೆಯ ಒಂದು ಆಟಿಕೆ ಎಷ್ಟು ನಗು ತಂದಿತ್ತು ಎಂಬುದು ನನ್ನ ಮನಸ್ಸಿಗೆ ಇಳಿದದ್ದು ಆ ದಿನ. ಇನ್ನೊಂದು ಹದೀಸ್ ಕೂಡಾ ನೆನಪಾಯಿತು. ಆಶೂರಾದ ಉಪವಾಸದಂದು ಮದೀನಾದ ತಾಯಂದಿರು ಉಣ್ಣೆಯಿಂದ ಆಟಿಕೆ ಮಾಡಿ, ಹಸಿವೆಗೆ ಅಳುವ ಮಕ್ಕಳ ಕೈಗೆ ಕೊಟ್ಟು ಇಫ್ತಾರಿನವರೆಗೆ ಸಮಾಧಾನಪಡಿಸುತ್ತಿದ್ದರೆಂದು ರುಬಯ್ಯಿ(ರ) ಎಂಬ ಸಹಾಬಿ ಮಹಿಳೆ ತಿಳಿಸಿರುವುದು ಬುಖಾರಿಯಲ್ಲಿದೆ. ಜೀವಿಗಳ ಚಿತ್ರ, ಮೂರ್ತಿಗಳ ವಿಷಯದಲ್ಲಿ ನಮ್ಮ ಉಲಮಾಗಳು ಹೇಳಿದ ಮೇರೆ ನನಗೆ ಗೊತ್ತು. ನಮ್ಮ ಮನೆಯ ಗೋಡೆಗೆ ಹೂವು, ಬಳ್ಳಿ, ಮನೆ, ದೋಣಿಗಳೇ ಸಾಕು. ಆದರೆ ಮಗುವಿನ ಆಟಿಕೆಯ ಮುಂದೆ ಮುಖ ಗಂಟು ಹಾಕಿಕೊಳ್ಳುವುದು ಧರ್ಮನಿಷ್ಠೆಯ ಗುರುತಲ್ಲ.

ಸಹೋದರಿಯರೇ, ಇಷ್ಟರಲ್ಲಿ ನನಗೆ ಚುಚ್ಚಿದ ಮಾತೊಂದಿದೆ. ಮೆಂತ್ಯ ಬೆರೆಸುವ ದಿನ ಮಗಳು, "ನಾನಿ, ಇದು ಎಷ್ಟು ವರ್ಷ ಬಾಳುತ್ತದೆ?" ಎಂದು ಕೇಳಿದ್ದಳು.

"ನೀರು ತಾಗದಂತೆ ನೋಡಿಕೊಂಡರೆ ನಿನ್ನ ಮಗಳಿಗೂ ಕೊಡಬಹುದು. ಮೆಂತ್ಯ ಸರಿಯಾಗಿ ಹಾಕಿದ ಬುಟ್ಟಿಗೆ ಹುಳ ಹಿಡಿಯುವುದಿಲ್ಲ" ಎಂದಿದ್ದರು ಅಮ್ಮೀ. ನನ್ನ ಕಡೆ ನೋಡಿ ಹೇಳಲಿಲ್ಲ. ಆದರೆ ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಕಿವಿಗೆ ಬಿತ್ತು. ಅಂದರೆ 2009ರ ಆ ದಿನವೂ ಅವರಿಗೆ ಗೊತ್ತಿತ್ತು, ಮಗಳು ಸುಳ್ಳು ಹೇಳುತ್ತಿದ್ದಾಳೆಂದು. ಮದ್ರಸದಲ್ಲಿ ಮಕ್ಕಳಿಗೆ ಸತ್ಯದ ಪಾಠ ಹೇಳುವ ನಾನು, ತಾಯಿಯ ಮುಂದೆ ಒಂದು ಸುಳ್ಳನ್ನು ಇಷ್ಟು ವರ್ಷ ಇಟ್ಟುಕೊಂಡೇ ಬಂದಿದ್ದೆ.

ಆ ರಾತ್ರಿ ಇಶಾ ನಮಾಝ್ ಮುಗಿಸಿ ಅವರ ಕಾಲಿಗೆ ಎಣ್ಣೆ ಹಚ್ಚುತ್ತ ಎಲ್ಲವನ್ನೂ ಹೇಳಿದೆ. ಹಂಡೆಯ ಒಲೆ, ಏಳು ಬುಟ್ಟಿ, ಹಾಸ್ಟೆಲಿನ ನಗು, ಎಲ್ಲ. ಅಮ್ಮೀ ಬಹಳ ಹೊತ್ತು ಸುಮ್ಮನಿದ್ದರು. ಮರೆತಿರಬೇಕು ಎಂದುಕೊಂಡೆ. ಆಮೇಲೆ ನಿಧಾನವಾಗಿ ಹೇಳಿದರು:

"ಬುಟ್ಟಿ ಹೋದರೆ ಹೋಗಲಿ. ನನಗೆ ಓದಲು ಬರುತ್ತಿರಲಿಲ್ಲ. ನೀನು ಬರೆದ ಪುಸ್ತಕ ರದ್ದಿಯವನಿಗೆ ಹಾಕಲು ಮನಸ್ಸು ಬರುತ್ತಿರಲಿಲ್ಲ. ಅದಕ್ಕೇ ಅವನ್ನೆಲ್ಲ ಬುಟ್ಟಿ ಮಾಡಿ ನಿನಗೇ ಕೊಟ್ಟೆ."

ನಾನು ಸುಟ್ಟದ್ದು ರದ್ದಿ ಕಾಗದವನ್ನಲ್ಲ. ಅದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ಕೈಕೆಲಸವೆಂದರೆ ಕೆಲಸವಿಲ್ಲದವರ ಕೆಲಸ ಎಂಬ ಭಾವನೆ ಓದಿದ ನಮ್ಮಲ್ಲೇ ಹೆಚ್ಚು. ಆದರೆ ಬೀದರಿನ ಬಿದರಿ ಕುಶಲಕರ್ಮಿಗಳನ್ನು ನೋಡಿ, ತಲೆಮಾರುಗಳಿಂದ ಸತುವಿನ ಪಾತ್ರೆಗೆ ಬೆಳ್ಳಿ ಕೂರಿಸುತ್ತಿದ್ದಾರೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು, ಅವರಲ್ಲಿ ಮುಸ್ಲಿಮರೂ ಇದ್ದಾರೆ, ಹಳೆಯ ಬಟ್ಟೆಯ ಕೌದಿಯನ್ನು ಅಂಚಿನಿಂದ ನಡುವಿನ ಕಡೆಗೆ ಹೊಲಿದು, ಮೂಲೆಗಳಿಗೆ ಬಟ್ಟೆಯ ಹೂವಿಟ್ಟ ಮೇಲೆಯೇ ಅದು ಪೂರ್ತಿಯಾಯಿತೆನ್ನುತ್ತಾರೆ. ನಾವು ಹಿತ್ತಲಿನಲ್ಲಿ ಮೆತ್ತಿದ ಇದೇ ಕಾಗದದ ಮುದ್ದೆ ಕಾಶ್ಮೀರದಲ್ಲಿ ದೊಡ್ಡ ಕಲೆ. ಅಲ್ಲಿ ಮುದ್ದೆಯಿಂದ ಆಕಾರ ಕೊಡುವುದಕ್ಕೆ ಸಖ್ತ್‌ಸಾಝಿ ಎಂದೂ, ಮೇಲೆ ಬಣ್ಣದ ಚಿತ್ತಾರ ಬರೆಯುವುದಕ್ಕೆ ನಖ್ಖಾಶಿ ಎಂದೂ ಹೆಸರು. 2021ರಲ್ಲಿ ಯುನೆಸ್ಕೊ ಕರಕುಶಲ ಮತ್ತು ಜಾನಪದ ಕಲೆಗಾಗಿ ಶ್ರೀನಗರವನ್ನು ತನ್ನ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿತು. ಎಲ್ಲರೂ ಅಷ್ಟು ದೊಡ್ಡ ಕಲಾವಿದರಾಗಬೇಕಿಲ್ಲ, ಮಾರಿ ಹಣ ಮಾಡಬೇಕೆಂದೂ ಇಲ್ಲ. ಮನೆಯಲ್ಲಿ ಒಬ್ಬ ಹಿರಿಯರಿದ್ದರೆ, ಒಂದು ಮಗುವಿದ್ದರೆ, ವಾರಕ್ಕೊಂದು ಮಧ್ಯಾಹ್ನ ಅವರ ನಡುವೆ ಒಂದು ಚಾಪೆ ಹಾಸಿ, ಗುಂಡಿ ಡಬ್ಬವನ್ನು ತೆರೆದಿಡಿ. ಏನು ಮಾಡಬೇಕೆಂದು ನೀವು ಹೇಳಬೇಡಿ. ನಾವು ಕಲಿತ ಒಂದು ಎಚ್ಚರಿಕೆಯನ್ನು ಮಾತ್ರ ಹೇಳುತ್ತೇನೆ: ಚಮಕಿ, ಬಣ್ಣ, ಬಳೆ ಚೂರನ್ನು ಬುಟ್ಟಿಯ ಹೊರಗಡೆ ಮಾತ್ರ ಅಂಟಿಸಿ. ಬಳೆ ಚೂರಿನ ಅಂಚನ್ನು ಮೊದಲು ಉಜ್ಜಿ ಮೊಂಡು ಮಾಡಿ. ಅಂಥ ಬುಟ್ಟಿಯಲ್ಲಿ ತಿನ್ನುವ ಪದಾರ್ಥ ಇಡಬೇಡಿ.

ಮಗಳ ಬುಟ್ಟಿ ಶಾಲೆಗೆ ಹೋಗಿ ಬಂತು. ಬಹುಮಾನವೇನೂ ಬರಲಿಲ್ಲ. ಟೀಚರ್ ಮೂಸಿ ನೋಡಿ, "ನಮ್ಮ ಅಜ್ಜಿಯ ಮನೆಯ ವಾಸನೆ" ಎಂದರಂತೆ. ಈಗ ಅದರಲ್ಲಿ ಮನೆಯವರ ನಮಾಝಿನ ಟೋಪಿಗಳಿವೆ. ರೆಕ್ಕೆಯ ಕುದುರೆ ಮಗಳ ಆಟದ ಪೆಟ್ಟಿಗೆಯಲ್ಲಿದೆ.

ಅಮ್ಮೀಯ ಮರೆವು ವಾಸಿಯಾಗಿಲ್ಲ. ನಾನು ಕ್ಷಮೆ ಕೇಳಿದ್ದನ್ನೂ ಅವರು ಮರೆತಿರಬಹುದು. ಆದರೆ ಈಗ ಅವರು ಗೋಡೆಗೆ ಮುಖ ಮಾಡಿ ಮಲಗುವುದಿಲ್ಲ. ಮೊನ್ನೆ ನನ್ನ ಹಳೆಯ ಪಾಠದ ಟಿಪ್ಪಣಿಗಳ ಕಟ್ಟೊಂದನ್ನು ಮಡಿಲಲ್ಲಿಟ್ಟುಕೊಂಡು ಮೊಮ್ಮಗಳನ್ನು ಕರೆಯುತ್ತಿದ್ದರು:

"ಬಾ ಇಲ್ಲಿ. ಅರಬಿ ಅಕ್ಷರವಿರುವ ಕಾಗದ ಒಂದೂ ಬಿಡದ ಹಾಗೆ ಬೇರೆ ತೆಗೆ. ಉಳಿದದ್ದು ನೆನೆಸೋಣ."

ನಾನು ಮೆಂತ್ಯ ತರಲು ಅಂಗಡಿಗೆ ಹೊರಟೆ.